ಮುಂಗಡ ಕೊಟ್ಟವರು ಆಧಾರ್ ಕಾರ್ಡ್ ಇಟ್ಟುಕೊಳ್ಳಬಹುದೇ?

ಚಹಾ ಅಂಗಡಿ, ಬೈತಖೋಲ: ಒಡಿಶಾದ ಹುಡುಗನೊಬ್ಬ ಕಾರವಾರದ ಈ ಬಂದರಿನ ಟ್ರಾಲ್ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಎಂದರೆ ಬೋಟು ನಡೆಸುವ ತಾಂಡೇಲ ‘ಮುಂಗಡದ 40,000 ಇಟ್ಟು ಹೋಗು’ ಎನ್ನುತ್ತಾನಂತೆ. ಆಧಾರ್, ಮೊಬೈಲ್ ಎರಡೂ ತಾಂಡೇಲನ ಬಳಿಯೇ ಇವೆ. ಇದು ಮಾನವ ಕಳ್ಳಸಾಗಣೆಯೇ, ಬರೀ ಲೇವಾದೇವಿಯ ತಕರಾರೇ?

ಬೋಟ್ ಮಾಲೀಕ, ಕಾರವಾರ: ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಅವರ ಮನೆಯ ಒಲೆ ಉರಿಯುವುದು ನಮ್ಮ ಮುಂಗಡದಿಂದ. ಕಳೆದ ವರ್ಷ ನನ್ನ ಬಳಿ ಹಣ ಪಡೆದ ಇಬ್ಬರು, ಬೋಟು ಕಡಲಿಗಿಳಿಯುವ ಹಿಂದಿನ ರಾತ್ರಿ ರೈಲು ಹತ್ತಿದರು. ಕರಾವಳಿ ಕಾವಲು ಪಡೆಯವರು ಗುರುತಿನ ಚೀಟಿ ಕೇಳುತ್ತಾರೆ, ಅದಕ್ಕೇ ಆಧಾರ್ ಒಂದೆಡೆ ಇಟ್ಟಿರುತ್ತೇವೆ. ಗುಲಾಮಗಿರಿ ಪೋರ್ಚುಗೀಸರ ಕಾಲಕ್ಕೇ ಮುಗಿಯಿತು.

ಸಿದ್ದಿ ಹುಡುಗ, ಯಲ್ಲಾಪುರ: ಪೋರ್ಚುಗೀಸರ ಕಾಲ ನಮಗೆ ಗೊತ್ತು ಸ್ವಾಮಿ. ಆಫ್ರಿಕಾದಿಂದ ಗೋವೆಗೆ ತಂದು ಮಾರಿದ ನಮ್ಮ ಹಿರಿಯರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಅವರಿಗೆ ಓಡಲು ಕಾಡಾದರೂ ಇತ್ತು. ವಾರಗಟ್ಟಲೆ ಕಡಲಲ್ಲಿರುವ ಈ ಹುಡುಗ ಎಲ್ಲಿಗೆ ಓಡಬೇಕು?

ವಕೀಲೆ, ಕುಮಟಾ: ಮುಂಗಡ ಕೊಡುವುದು ಅಪರಾಧವಲ್ಲ. ಅದನ್ನು ಹಿಡಿದುಕೊಂಡು ಆಳನ್ನು ಬೇರೆಡೆ ದುಡಿಯಲು ಅಥವಾ ಊರಿಗೆ ಹೋಗಲು ಬಿಡದಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಜೀತ. ಸಂಬಳ ಕೊಡುತ್ತಿದ್ದೇವೆ ಎಂಬುದು ಉತ್ತರವಾಗುವುದಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಇದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಜೀತವೆಂದು ಸಾಬೀತಾದರೆ ಆ 40,000 ರದ್ದು, ವಸೂಲಿ ಮಾಡುವಂತೆಯೇ ಇಲ್ಲ.

ಬೋಟ್ ಮಾಲೀಕ, ಕಾರವಾರ: ಅಂದರೆ ಓಡಿಹೋದವನಿಗೆ ಇನಾಮು! ಕಳೆದ ವರ್ಷ ಓಡಿದವರ 20,000 ರೂಪಾಯಿಗಾಗಿ ನಾನು ಸಿವಿಲ್ ಕೋರ್ಟಿಗೆ ಅಲೆಯಬೇಕೇ ಮೇಡಂ?

ವಕೀಲೆ, ಕುಮಟಾ: ಅಲೆಯಬೇಕಾಗುತ್ತದೆ. ಸುಲಭವೆಂದು ನಾನು ಹೇಳುತ್ತಿಲ್ಲ.

ತೋಟದ ಹೆಗಡೆ, ಶಿರಸಿ: ಅಡಿಕೆ ಕೊಯ್ಲಿಗೆ ನಾವೂ ಮರ ಹತ್ತಿ ಕೊನೆ (ಗೊನೆ) ಇಳಿಸುವ ಕೊನೆಗೌಡನಿಗೆ ಮುಂಗಡ ಕೊಡುತ್ತೇವೆ. ಆದರೆ ಇಲ್ಲಿ ಹೆದರುವವನು ನಾನು. ಒಂದು ಮಾತು ಜೋರಾದರೆ ಅವನು ಪಕ್ಕದ ತೋಟದ ಮರ ಹತ್ತುತ್ತಾನೆ, ನನ್ನ ಕೊನೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ಅವನ ಮನೆ ಇದೇ ಊರಲ್ಲಿದೆ, ಭಾಷೆ ಇದೆ, ಕೈಯಲ್ಲಿ ಫೋನಿದೆ. ಆ ಹುಡುಗನಿಗೆ ಈ ಮೂರೂ ಇಲ್ಲ. ಮುಂಗಡ ಎರಡೂ ಕಡೆ ಒಂದೇ ಎಂದು ವಾದಿಸುವವರು ಇದಕ್ಕೆ ಉತ್ತರಿಸಲಿ.

ಭಟ್ಕಳದವಳು: ನಮ್ಮ ಓಣಿಯ ಹೆಂಗಸೊಬ್ಬಳನ್ನು ಏಜೆಂಟನೊಬ್ಬ ವಿಸಿಟ್ ವೀಸಾದಲ್ಲಿ ಕೊಲ್ಲಿಗೆ ಕಳಿಸಿದ. ಮನೆಗೆಲಸಕ್ಕಿಟ್ಟುಕೊಂಡವರು ಪಾಸ್‌ಪೋರ್ಟ್ ಕಿತ್ತುಕೊಂಡಾಗ ಊರಿಗೆ ಊರೇ ಸಿಡಿದೆದ್ದಿತ್ತು. ಅಲ್ಲಿಯ ಧಣಿ ಪಾಸ್‌ಪೋರ್ಟ್ ಹಿಡಿದರೆ ಅನ್ಯಾಯ, ಇಲ್ಲಿಯ ತಾಂಡೇಲ ಆಧಾರ್ ಹಿಡಿದರೆ ವ್ಯವಸ್ಥೆಯೇ? ಕಾವಲು ಪಡೆಗೆ ತೋರಿಸಲು ಆ ಚೀಟಿ ಹುಡುಗನ ಜೇಬಿನಲ್ಲಿದ್ದರೂ ಸಾಕು ಅಣ್ಣ.

ವಕೀಲೆ, ಕುಮಟಾ: ಚಹಾ ಅಂಗಡಿಯವರೇ, ಇವನನ್ನು ಕರೆತಂದವರು ಯಾರು? ಏನು ಹೇಳಿ ಕರೆತಂದರು? ಕಳ್ಳಸಾಗಣೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಚಹಾ ಅಂಗಡಿ, ಬೈತಖೋಲ: ಗೋವೆಯ ಮೀನು ಸಂಸ್ಕರಣಾ ಕಾರ್ಖಾನೆಯಲ್ಲಿ ಕೆಲಸ ಎಂದು ಒಬ್ಬ ಗುತ್ತಿಗೆದಾರ ಕರೆತಂದನಂತೆ. ಕಾರವಾರದಲ್ಲಿ ಇಳಿಸಿ ಬೋಟು ಹತ್ತಿಸಿದ. ಮುಂಗಡದಲ್ಲಿ ಅವನೆಷ್ಟು ನುಂಗಿದನೋ.

ವಕೀಲೆ, ಕುಮಟಾ: ಹಾಗಾದರೆ ಇದು ಜೀತದಷ್ಟಕ್ಕೇ ನಿಲ್ಲುವುದಿಲ್ಲ. ವಂಚಿಸಿ ಕರೆತಂದು ಬಲವಂತದ ದುಡಿಮೆಗೆ ಹಚ್ಚಿದ್ದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಮಾನವ ಕಳ್ಳಸಾಗಣೆ, ಕನಿಷ್ಠ 7 ವರ್ಷ ಜೈಲು. ಹುಡುಗ ಒಪ್ಪಿಯೇ ಬಂದಿದ್ದ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಕಾರವಾರದ ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಬಿಡುಗಡೆ ಪತ್ರ ಕೊಡಬಹುದು, ಪುನರ್ವಸತಿಯ ನೆರವು ಆ ಪತ್ರದಿಂದಲೇ ಆರಂಭ.

ಬೋಟ್ ಮಾಲೀಕ, ಕಾರವಾರ: ತಾಂಡೇಲ ಯಾರೆಂದು ನನಗೆ ಖಾಸಗಿಯಾಗಿ ತಿಳಿಸಿ. ಆಧಾರ್, ಫೋನು ಇಂದೇ ಕೊಡಿಸುತ್ತೇನೆ. ಹಣದ ಮಾತು ಅವರವರಲ್ಲೇ ಮುಗಿಯಲಿ, ಪೊಲೀಸರನ್ನು ಬಂದರಿಗೆ ತರಬೇಡಿ.

ಸಿದ್ದಿ ಹುಡುಗ, ಯಲ್ಲಾಪುರ: ಅವರವರಲ್ಲೇ ಮುಗಿದರೆ ಗುತ್ತಿಗೆದಾರ ಮುಂದಿನ ಆಗಸ್ಟ್‌ಗೆ ಇನ್ನೊಬ್ಬನನ್ನು ತರುತ್ತಾನೆ.

ಚಹಾ ಅಂಗಡಿ, ಬೈತಖೋಲ: ಹೆಸರು ಮಾಲೀಕರಿಗೆ ಕೊಡುವುದಿಲ್ಲ, ವಕೀಲರಿಗೆ ಕೊಡುತ್ತೇನೆ. ಬೋಟು ಶನಿವಾರ ದಡಕ್ಕೆ ಬರುತ್ತದೆ. ಹುಡುಗನಿಗೆ ಒಡಿಯಾ ಬಿಟ್ಟರೆ ಅರೆಬರೆ ಹಿಂದಿ. ಕಚೇರಿಯಲ್ಲಿ ಅವನ ಹೇಳಿಕೆಯನ್ನು ತಾಂಡೇಲನೇ ಅನುವಾದಿಸುವಂತಾಗಬಾರದು. ಒಡಿಯಾ ಬಲ್ಲವರು ಕಾರವಾರದಲ್ಲಿ ಯಾರಾದರೂ ಇದ್ದೀರಾ?