ಹಳೆಯ ಸಿಮೆಂಟ್ ಚೀಲದ ಸೀಸದ ಸೀಲುಗಳನ್ನು ಗುರುತಿಸುವುದು ಹೇಗೆ?

ದಾವಣಗೆರೆಯಿಂದ ಪ್ರಶ್ನೆ:

ಮಂಡಿಪೇಟೆಯಲ್ಲಿರುವ ನಮ್ಮ ತಾತನವರ ಕಾಲದ ಉಗ್ರಾಣದ ನೆಲ ಅಗೆಸುವಾಗ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಹದಿನಾಲ್ಕು ಸೀಸದ ಬಿಲ್ಲೆಗಳು ಸಿಕ್ಕಿವೆ. ತಾತನವರು ಸಿಮೆಂಟ್ ವ್ಯಾಪಾರಿಗಳಾಗಿದ್ದರಿಂದ ಇವು ಗೋಣಿಚೀಲದ ಬಾಯಿ ಕಟ್ಟಿ ಒತ್ತುತ್ತಿದ್ದ ಸೀಲುಗಳಿರಬೇಕೆಂದು ಊಹಿಸಿದ್ದೇನೆ. ಅಕ್ಷರಗಳು ಇಂಗ್ಲಿಷಿನಲ್ಲಿವೆ, ಒಂದರಲ್ಲಿ ‘ಪೋರ್ಟ್‌ಲ್ಯಾಂಡ್’, ಕೆಲವುಗಳಲ್ಲಿ ‘ಎ.ಸಿ.ಸಿ.’, ಎರಡರಲ್ಲಿ ‘ಎಂ.ಎಸ್.ಆರ್.’ ಎಂದು ಓದಲಾಯಿತು. ಇವು ಯಾವ ಕಂಪನಿಯವು, ಎಷ್ಟು ಹಳೆಯವು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಚಿತ್ರದುರ್ಗದಿಂದ ಒಬ್ಬರು:

ಸರ್, ‘ಪೋರ್ಟ್‌ಲ್ಯಾಂಡ್’ ಎಂಬುದನ್ನು ಕಂಪನಿಯ ಹೆಸರೆಂದು ನಂಬಿ ನಾನೂ ಬಹಳ ದಿನ ಹುಡುಕಾಡಿದ್ದೇನೆ. ಅದು ಸಿಮೆಂಟಿನ ಬಗೆ. 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್ಡಿನ್, ಗಟ್ಟಿಯಾದ ಸಿಮೆಂಟು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆಂದು ಇಟ್ಟ ಹೆಸರು ಅದು. ಬುಂದಿ ಪೋರ್ಟ್‌ಲ್ಯಾಂಡ್‌ನಂತಹ ಕಂಪನಿಗಳ ಹೆಸರಿನಲ್ಲೂ ಆ ಪದ ಸೇರಿಕೊಂಡಿತ್ತು. ಆದ್ದರಿಂದ ಅದರ ಅಕ್ಕಪಕ್ಕದಲ್ಲಿ ಸವೆದುಹೋಗಿರುವ ಅಕ್ಷರಗಳನ್ನೇ ನೀವು ಓದಬೇಕು.

ಎ.ಸಿ.ಸಿ. ಎಂದರೆ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್. ಅದು ಹುಟ್ಟಿದ್ದು 1936ರಲ್ಲಿ, ಹಲವು ಸಿಮೆಂಟ್ ಕಂಪನಿಗಳು ಒಂದಾದಾಗ. ಹಾಗಾಗಿ ಆ ಅಕ್ಷರಗಳಿರುವ ಸೀಲು ಅದಕ್ಕಿಂತ ಹಿಂದಿನದಾಗಲಾರದು. ಹಾಗೆ ಒಂದಾದವುಗಳಲ್ಲಿ ನಮ್ಮ ಕಲಬುರಗಿ ಸೀಮೆಯ ಶಹಾಬಾದಿನ ಕಂಪನಿಯೂ ಇತ್ತು. ಬರೀ ‘ಶಹಾಬಾದ್’ ಎಂದಿರುವ ಸೀಲು ಸಿಕ್ಕಿದರೆ ಅದು ಇನ್ನೂ ಹಳೆಯದಿರಬಹುದು, ಆದರೆ ಕಾರ್ಖಾನೆಯ ಊರಿನ ಹೆಸರು ವಿಲೀನದ ನಂತರವೂ ಬಳಕೆಯಲ್ಲಿ ಉಳಿಯಬಹುದಾದ್ದರಿಂದ ಅಷ್ಟನ್ನೇ ನಂಬಿ ಕಾಲ ನಿರ್ಧರಿಸಬೇಡಿ.

‘ಎಂ.ಎಸ್.ಆರ್.’ ಸಿಮೆಂಟಿನದ್ದೇ ಅಲ್ಲವೆಂದು ನನ್ನ ಅನಿಸಿಕೆ. ಅದು ಮೈಸೂರು ಸ್ಟೇಟ್ ರೈಲ್ವೆ ಇರಬೇಕು. ಗೂಡ್ಸ್ ವ್ಯಾಗನ್ನಿನ ಬಾಗಿಲಿಗೂ ಇಂಥದ್ದೇ ಸೀಸವನ್ನು ತಂತಿಗೆ ಪೋಣಿಸಿ ಇಕ್ಕಳದಿಂದ ಒತ್ತುತ್ತಿದ್ದರು. ಆ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಸರಕು ಬಂದ ಕಡೆಯಲ್ಲಿ ವ್ಯಾಗನ್ನಿನ ಸೀಲೂ ಚೀಲದ ಸೀಲೂ ಒಂದೇ ಕಸದಲ್ಲಿ ಬಿದ್ದಿದ್ದರೆ ಆಶ್ಚರ್ಯವಿಲ್ಲ. ತಂತಿಯ ರಂಧ್ರವನ್ನು ಭೂತಗನ್ನಡಿಯಲ್ಲಿ ನೋಡಿ: ಚೀಲದ ಸೀಲಾಗಿದ್ದರೆ ಒಳಗೆ ಬೂದು ಬಣ್ಣದ ಸಿಮೆಂಟು ಕಲ್ಲಾಗಿ ಕೂತಿರುವುದುಂಟು.

ಹೊಳಲ್ಕೆರೆಯಿಂದ ಇನ್ನೊಬ್ಬರು:

ಮೇಲಿನವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಿತ್ತಾಳೆ ಚೊಂಬನ್ನು ಬೆಳಗುವಂತೆ ನಾನು ಒಂದು ಸೀಲನ್ನು ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜಿದೆ; ಸೀಲು ಹೊಳೆಯಿತು, ಅಕ್ಷರ ಹೋಯಿತು. ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು ಲೋಹ ಅದು. ಮಣ್ಣನ್ನು ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಶ್ಶಿನಿಂದ ತೆಗೆದು, ಒಣಗಿದ ಮೇಲೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದು ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಕಣ್ಣಿಗೆ ಕಾಣದ ಗೆರೆಗಳೂ ಎದ್ದು ಬರುತ್ತವೆ. ಮೇಲಿನ ಬಿಳಿ ಪುಡಿ ವಿಷ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮರದ ಪೆಟ್ಟಿಗೆಯಲ್ಲಿ ಇಡುವುದೂ ಬೇಡ, ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸ ಇನ್ನಷ್ಟು ಪುಡಿಯಾಗುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ‘ಎ.ಸಿ.ಸಿ.’ ಸೀಲುಗಳ ಪೈಕಿ ಮೂರರ ರಂಧ್ರದಲ್ಲಿ ಸಿಮೆಂಟು ಗಟ್ಟಿಯಾಗಿ ಕೂತಿದೆ, ರೈಲ್ವೆಯದ್ದೆಂದು ನೀವು ಹೇಳಿದ ಎರಡರಲ್ಲಿ ತುಕ್ಕು ಹಿಡಿದ ತಂತಿಯ ತುಣುಕು ಮಾತ್ರ ಇದೆ. ಓರೆ ಬೆಳಕಿನಲ್ಲಿ ‘ಪೋರ್ಟ್‌ಲ್ಯಾಂಡ್’ ಬಿಲ್ಲೆಯ ಅಂಚಿನಲ್ಲಿ ‘ಬಿ’, ‘ಯು’ ಎಂಬ ಎರಡು ಅಕ್ಷರಗಳು ಕಂಡವು. ಮೂರನೆಯದರ ಜಾಗದಲ್ಲಿ ಇಕ್ಕಳದ ಹಲ್ಲಿನ ಗುರುತು ಬಿದ್ದಿದೆ.