ನಿನೋ 3.4 ಗ್ರಾಫ್‌ನಲ್ಲಿ 1997ರ ಎಲ್ ನಿನೋ ಕಾಣುತ್ತಿಲ್ಲ

ವಿಜಯಪುರ ಮಾಸ್ತರ:
ಎಲ್ಲರಿಗೂ ನಮಸ್ಕಾರ. ಎಲ್ ನಿನೋ, ಅಂದರೆ ಮಧ್ಯ ಮತ್ತು ಪೂರ್ವ ಪೆಸಿಫಿಕ್ ವಾಡಿಕೆಗಿಂತ ಬಿಸಿಯಾಗುವುದನ್ನು ತೋರಿಸಲು, ವಿಜ್ಞಾನ ಮೇಳಕ್ಕಾಗಿ ಮಕ್ಕಳೊಂದಿಗೆ ‘ನಿನೋ 3.4’ ಎಂಬ ಸಮಭಾಜಕದ ಪಕ್ಕದ ಪೆಸಿಫಿಕ್ ಪಟ್ಟಿಯ ಮೇಲ್ಮೈ ತಾಪಮಾನದ ಗ್ರಾಫ್ ತಯಾರಿಸುತ್ತಿದ್ದೇನೆ. ಪೈಥಾನ್ ಪ್ರೋಗ್ರಾಂನಲ್ಲಿ ರೇಖಾಂಶ −170ರಿಂದ −120 (ಋಣ ಎಂದರೆ ಪಶ್ಚಿಮ) ಎಂದು ಕೊಟ್ಟರೆ ಏನೂ ಬರುವುದಿಲ್ಲ. ಋಣ ಚಿಹ್ನೆ ತೆಗೆದರೆ ಅಂಕಿಗಳು ಬರುತ್ತವೆ, ಆದರೆ ಗೆರೆ ಹೆಚ್ಚುಕಡಿಮೆ ಚಪ್ಪಟೆ. 1997 ಎಲ್ಲಿ ಹೋಯಿತು?

ಬೆಳಗಾವಿ ಮಳೆಮಾಪಕ:
ಮಾಸ್ತರರೇ, ನಿಮ್ಮ ಕಡತದ ರೇಖಾಂಶ 0ಯಿಂದ 360ರ ಎಣಿಕೆಯಲ್ಲಿದೆ. ಪಶ್ಚಿಮ 170–120 ಎಂದರೆ ಅದರಲ್ಲಿ 190–240. ಚಿಹ್ನೆ ತೆಗೆದಾಗ ನೀವು ಹೋಗಿದ್ದು ಇಂಡೋನೇಷ್ಯಾ, ನ್ಯೂಗಿನಿ ಪಕ್ಕದ ಕಡಲಿಗೆ. ಅಲ್ಲಿ ನೀರು ವರ್ಷವಿಡೀ 28 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆಯೇ ಇರುತ್ತದೆ. ಪ್ರತಿ ತಿಂಗಳ ದೀರ್ಘಾವಧಿ ಸರಾಸರಿಯನ್ನೂ ಕಳೆಯಿರಿ, ಇಲ್ಲದಿದ್ದರೆ ಋತುಮಾನದ ಏರಿಳಿತವೇ ಕಣ್ಣಿಗೆ ಹೊಡೆಯುತ್ತದೆ.

ವಿಜಯಪುರ ಮಾಸ್ತರ:
ಬಂತು ಸರ್! 1982, 1997, 2015 ಎದ್ದು ನಿಂತಿವೆ. ಆದರೆ 160–210 ರೇಖಾಂಶದ ಗಾಳಿಯ ವೇಗ ಜೋಡಿಸಿದರೆ, ನೀರು ಬಿಸಿಯಾದಾಗ ವೇಗ ಇಳಿಯುತ್ತಿದೆ. ಏರಬೇಕಲ್ಲವೇ?

ಬೆಳಗಾವಿ ಮಳೆಮಾಪಕ:
ಇಳಿಯುವುದೇ ಸರಿ. ಅಲ್ಲಿ ವಾಣಿಜ್ಯ ಮಾರುತ ಪೂರ್ವದಿಂದ ಬೀಸಿ ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ತಳ್ಳುತ್ತದೆ. ಪೂರ್ವದಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಗಾಳಿ ಸಡಿಲಿದರೆ ತಣ್ಣೀರು ಏಳುವುದು ಕಡಿಮೆಯಾಗಿ ಪೂರ್ವ ಭಾಗ ಬಿಸಿಯಾಗುತ್ತದೆ. ಎರಡೂ ಕಡೆಯ ತಾಪಮಾನದ, ಒತ್ತಡದ ಅಂತರ ಕುಗ್ಗಿ ಗಾಳಿ ಇನ್ನಷ್ಟು ಸಡಿಲಾಗುತ್ತದೆ. ಒಂದನ್ನೊಂದು ಬೆಳೆಸುವ ಈ ಸುತ್ತನ್ನು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್ ವಿವರಿಸಿದರು. ನನಗೆ ಹವಾಮಾನ ವಿಜ್ಞಾನದಲ್ಲಿ ಇದರಷ್ಟು ಸೊಗಸಾದ ವಿಚಾರ ಇನ್ನೊಂದಿಲ್ಲ.

ವೇಗದ ಬದಲು ಪೂರ್ವ-ಪಶ್ಚಿಮ ಘಟಕ ‘ಯು’ ಬಳಸಿ. ಪೂರ್ವದಿಂದ ಬರುವ ಗಾಳಿಗೆ ಅದು ಋಣ. ಸೆಕೆಂಡಿಗೆ −5 ಮೀಟರ್ ಇದ್ದದ್ದು −2 ಆದರೆ ವ್ಯತ್ಯಾಸ +3. ಗೆರೆ ತಾಪಮಾನದ ಜೊತೆಗೇ ಮೇಲೇರುತ್ತದೆ.

ಬಾಗಲಕೋಟೆ ಕೃಷ್ಣಾತೀರ:
ಫಲಕದಲ್ಲಿ ‘ಎಲ್ ನಿನೋ ಎಂದರೆ ಬರ’ ಎಂದು ಮಾತ್ರ ಬರೆಸಬೇಡಿ ಸರ್. 1997ರಲ್ಲಿ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಅದಕ್ಕಿಂತ ದುರ್ಬಲ ಎಲ್ ನಿನೋ ಇದ್ದ 2002ರಲ್ಲಿ ಘೋರ ಬರ ಬಿತ್ತು. 1997ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಕಾದಿದ್ದು ನಮಗೆ ಆಸರೆಯಾಯಿತು ಎನ್ನುತ್ತಾರೆ. ತೊಗರಿ ಬಿತ್ತುವವರ ಮಕ್ಕಳು ಇದನ್ನು ಸರಿಯಾಗಿ ತಿಳಿಯಬೇಕು.

ವಿಜಯಪುರ ಮಾಸ್ತರ:
ಖಂಡಿತ, ಈ ವ್ಯತ್ಯಾಸವನ್ನೂ ಬರೆಸುತ್ತೇನೆ. ಕೊನೆಯದೊಂದು: 1997ರ ಆರಂಭದಲ್ಲಿ ‘ಯು’ ಮೊದಲು ಏರಿ, ನೀರು ತಡವಾಗಿ ಕಾಯುತ್ತಿದೆ. ಇದೂ ದೋಷವೇ?

ಬೆಳಗಾವಿ ಮಳೆಮಾಪಕ:
ಅಲ್ಲ. ಆ ಮಾರ್ಚ್‌ನಲ್ಲಿ ಪಶ್ಚಿಮದಿಂದ ಬಿರುಸಾದ ಗಾಳಿ ಬೀಸಿತ್ತು. ಅದು ನೀರಿನೊಳಗೆ ಎಬ್ಬಿಸುವ, ಪೂರ್ವವನ್ನು ಬಿಸಿಮಾಡುವ ಅಲೆ ದಕ್ಷಿಣ ಅಮೆರಿಕದ ದಡ ಮುಟ್ಟಲು ಎರಡು-ಮೂರು ತಿಂಗಳು ಬೇಕು. ಆ ಅಂತರವನ್ನು ಹಾಗೆಯೇ ತೋರಿಸಿ.