ದ್ವೀಪಕ್ಕೆ ಮನೆ ಬದಲಾಯಿಸುತ್ತಿದ್ದೇವೆ, ಸಣ್ಣ ವಿಮಾನ ಇಟ್ಟುಕೊಳ್ಳಬೇಕಾ, ಮಾರಬೇಕಾ?

ಪ್ರಶ್ನೆ:
ಮೇಡಂ, ನಮಸ್ಕಾರ. ನನ್ನ ಹತ್ತಿರ 1974ರ ಸೆಸ್ನಾ 172 ಇದೆ. 14 ವರ್ಷದಿಂದ ನಾನೇ ಹಾರಿಸುತ್ತಿದ್ದೇನೆ, ಅದರ ಒಂದೊಂದು ಸದ್ದೂ ನನಗೆ ಗೊತ್ತು. ಈಗ ನಿವೃತ್ತನಾಗಿದ್ದೇನೆ. ಮುಂದಿನ ವರ್ಷ ನಾನು, ನನ್ನ ಹೆಂಡತಿ ಒಂದು ಸಣ್ಣ ದ್ವೀಪಕ್ಕೆ ಹೋಗಿ ಅಲ್ಲೇ ನೆಲೆಸಬೇಕು ಅಂತಿದ್ದೇವೆ. ನಡುವೆ 40 ನಾಟಿಕಲ್ ಮೈಲಿ ನೀರು. ದ್ವೀಪದಲ್ಲಿ ಒಂದು ಡಾಂಬರು ರನ್‌ವೇ ಇದೆ, ನಮ್ಮ ವಿಮಾನಕ್ಕೆ ಧಾರಾಳವಾಗಿ ಸಾಕು. ಆದರೆ ಹ್ಯಾಂಗರ್ ಖಾಲಿ ಇಲ್ಲ, ಬಯಲಲ್ಲೇ ಹಗ್ಗ ಕಟ್ಟಿ ನಿಲ್ಲಿಸಬೇಕು. ವಿಮಾನಕ್ಕೆ ಹಾಕುವ ಪೆಟ್ರೋಲ್ ಏವ್‌ಗ್ಯಾಸ್ ಸಿಗಲ್ಲ, ಮೆಕ್ಯಾನಿಕ್ ಇಲ್ಲ. ದಿನಕ್ಕೊಂದು ದೋಣಿ ಹೋಗಿಬರುತ್ತೆ. ದ್ವೀಪಕ್ಕೆ ಹೋದ ಮೇಲೆ ವಿಮಾನ ಇನ್ನೂ ಜಾಸ್ತಿ ಬೇಕಾಗುತ್ತೆ ಅಂತ ನನ್ನ ಲೆಕ್ಕ. ಹೆಂಡತಿ ಹೇಳೋದೇ ಬೇರೆ. "ಮಾರಿ ಅಂತ ನಾನು ಹೇಳಲ್ಲ, ಆದ್ರೆ ಅದು ಕಣ್ಣೆದುರೇ ಹಾಳಾಗೋದನ್ನ ನೋಡಿ ನೀವು ಕೊರಗೋದು ನಂಗೆ ಬೇಡ" ಅಂತಾಳೆ. ನಿಮ್ಮ ಕೆಲಸದ ಅನುಭವದಿಂದ ಹೇಳಿ, ಏನು ಮಾಡಲಿ?

ಉತ್ತರ:
ಸರ್, ನಮಸ್ಕಾರ. ವಿಮಾನ ರಿಪೇರಿಗೆ ಇಳಿದು 26 ವರ್ಷವಾಯಿತು. ಅದರಲ್ಲಿ 9 ವರ್ಷ ಸಮುದ್ರದ ಪಕ್ಕದ ಏರ್‌ಫೀಲ್ಡ್‌ನಲ್ಲೇ ಇದ್ದೆ. ನಾನೂ ಹಾರಿಸುತ್ತೇನೆ, ಹಾಗಾಗಿ ನಿಮ್ಮ ಮನಸ್ಸು ಅರ್ಥವಾಗುತ್ತೆ. ಎಲ್ಲರೂ ಮೊದಲು ನೀರಿನ ದೂರ ಕೇಳುತ್ತಾರೆ. ನಾನು ಕೇಳೋದು ಬೇರೆ. ಕಳೆದ ವರ್ಷ ಎಷ್ಟು ಗಂಟೆ ಹಾರಿಸಿದಿರಿ? ಈ ವರ್ಷ ಹಾರಿಸಬೇಕು ಅಂದುಕೊಂಡಿದ್ದನ್ನು ಹೇಳಬೇಡಿ, ಲಾಗ್‌ಬುಕ್ ತೆಗೆದು ಕೂಡಿಸಿ ಹೇಳಿ.

ಯಾಕೆ ಅಂತ ಹೇಳುತ್ತೇನೆ. ಸಮುದ್ರದ ಪಕ್ಕ ವಿಮಾನ ಹಾಳಾಗೋದು ಹಾರಾಟದಿಂದಲ್ಲ, ನಿಂತು ನಿಂತು. ನಿಮ್ಮದರಲ್ಲಿರೋದು ಲೈಕಮಿಂಗ್ ಓ-320. ಈ ಇಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ಉಕ್ಕಿನ ದಂಡ, ಮೇಲ್ಗಡೆ ಕೂತಿರುತ್ತೆ. ಇಂಜಿನ್ ಆರಿಸಿ ಬಿಟ್ಟರೆ ಅದರ ಮೇಲಿನ ಎಣ್ಣೆ ನಿಧಾನವಾಗಿ ಕೆಳಗಿಳಿದು ಬರೀ ಉಕ್ಕು ಉಳಿಯುತ್ತೆ. ಅದಕ್ಕೆ ತೇವದ ಗಾಳಿ ತಗುಲಿದರೆ ಮುಗೀತು. ತೇವ ಜಾಸ್ತಿ ಇರುವ ಜಾಗದಲ್ಲಿ ಹೊಸ ಸಿಲಿಂಡರ್‌ಗೆ 2 ದಿನ ನಿಂತರೂ ತುಕ್ಕು ಶುರುವಾಗಬಹುದು ಅಂತ ಲೈಕಮಿಂಗ್ ಕಂಪನಿಯೇ ಎಚ್ಚರಿಸಿದೆ. ಓಡಿ ಹಳೆಯದಾದ ಸಿಲಿಂಡರ್ ಒಳಗೆ ವಾರ್ನಿಷ್ ಥರದ ಪದರ ಕೂತಿರುತ್ತೆ, ಅದು ಸ್ವಲ್ಪ ದಿನ ತಡೆಯುತ್ತೆ. ಕ್ಯಾಮ್‌ಗೆ ಆ ರಕ್ಷಣೆಯೂ ಇಲ್ಲ.

ಇನ್ನು ಬಾಡಿ. 1974ರ ಸುಮಾರಿನ ಹಲವು ಸೆಸ್ನಾಗಳಿಗೆ ರೆಕ್ಕೆಯ ಒಳಗೆ ಪ್ರೈಮರ್, ಅಂದರೆ ತಗಡನ್ನು ಕಾಯುವ ಅಡಿಬಣ್ಣ, ಹೊಡೆದೇ ಇಲ್ಲ. ಹೊರಗೆ ಬಣ್ಣ ಇರುತ್ತೆ, ಒಳಗೆ ಬರೀ ಅಲ್ಯೂಮಿನಿಯಂ ತಗಡು. ಉಪ್ಪು ಎಲ್ಲಿ ಒಳಗೆ ಹೋಗುತ್ತೋ ಅಲ್ಲಿ ಕೂರುತ್ತೆ, ರಾತ್ರಿಯ ತೇವ ಅದನ್ನು ಕರಗಿಸುತ್ತೆ, ಮೆಲ್ಲಗೆ ತಿನ್ನೋಕೆ ಶುರು ಮಾಡುತ್ತೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂ ತಗಡನ್ನು ಕಚ್ಚಿಕೊಂಡಿರುವ ಜಾಗದಲ್ಲಿ ಇನ್ನೂ ಬೇಗ. ರೆಕ್ಕೆಯ ಹಿಂಬದಿಯಲ್ಲಿ ಅಲುಗಾಡುವ ಫ್ಲ್ಯಾಪ್, ಏಲಿರಾನ್‌ಗಳ ಹಿಂಜುಗಳನ್ನು ಒಮ್ಮೆ ಬೆರಳಿಂದ ಸವರಿ ನೋಡಿ. ಬಿಳಿ ಪುಡಿ ಅಂಟಿದರೆ ಅದು ಧೂಳಲ್ಲ, ನಿಮ್ಮ ವಿಮಾನವೇ ಪುಡಿಯಾಗಿ ಬರುತ್ತಿದೆ.

ಪ್ರಶ್ನೆ (ಅದೇ ಸರ್):
ಮೇಡಂ, ಕೂಡಿಸಿದೆ. 38 ಗಂಟೆ. 60 ಇರಬಹುದು ಅಂದುಕೊಂಡಿದ್ದೆ. ನಡುವೆ ಎರಡು ಸಲ ತಿಂಗಳುಗಟ್ಟಲೆ ಹಾರಿಸೇ ಇಲ್ಲ. ದ್ವೀಪದಲ್ಲಿ ಏರ್‌ಫೀಲ್ಡ್ ಮನೆಗೆ ಹತ್ತಿರ. ಪ್ರತಿ ಭಾನುವಾರ ಹೋಗಿ ಒಂದು ಹತ್ತು ನಿಮಿಷ ಇಂಜಿನ್ ಓಡಿಸಿ ಬಂದರೆ ಆಗಲ್ವಾ? ಜೊತೆಗೆ ಒಳ್ಳೇ ಕವರ್ ಹೊದಿಸಿ, ತುಕ್ಕು ತಡೆಯೋ ಎಣ್ಣೆ ಹೊಡೆಸಿ, ಸಿಹಿನೀರಲ್ಲಿ ತೊಳೀತಾ ಇದ್ದರೆ?

ಉತ್ತರ:
ಸರ್, ದಯವಿಟ್ಟು ಆ ಹತ್ತು ನಿಮಿಷದ ಓಟ ಮಾತ್ರ ಮಾಡಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ಅದರಲ್ಲಿ ಬಹುಪಾಲು ಸೈಲೆನ್ಸರ್‌ನಿಂದ ಆವಿಯಾಗಿ ಹೋಗುತ್ತೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಎಣ್ಣೆಗೆ ಸೇರುತ್ತೆ. ಎಣ್ಣೆ ಸುಮಾರು 75ರಿಂದ 93 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಒಂದಷ್ಟು ಹೊತ್ತು ಅಲ್ಲೇ ನಿಂತರೆ ಆ ನೀರು ಹೊರಟುಹೋಗುತ್ತೆ. ಅದಕ್ಕೆ ನಿಜವಾದ ಹಾರಾಟವೇ ಬೇಕು, ಅದೂ ಹತ್ತಿರ ಒಂದು ಗಂಟೆ. ನೆಲದ ಮೇಲೆ ನಿಂತು ಹತ್ತು ನಿಮಿಷ ಓಡಿಸಿದರೆ ನೀರು ಒಳಗೆ ಹೋಗುತ್ತೆ, ಹೊರಗೆ ಬರಲ್ಲ.

ಸಮುದ್ರದ ಪಕ್ಕದ ಆ ಏರ್‌ಫೀಲ್ಡ್‌ನಲ್ಲಿ ಒಬ್ಬ ಹಿರಿಯರು ಹೀಗೇ ಮಾಡುತ್ತಿದ್ದರು. ಭಾನುವಾರ ತಪ್ಪದೇ ಬಂದು ಇಂಜಿನ್ ಓಡಿಸಿ, ಗಾಜು ಒರೆಸಿ, ಕವರ್ ಹಾಕಿ ಹೋಗುತ್ತಿದ್ದರು. ಎಂಟು ತಿಂಗಳಾದ ಮೇಲೆ ಎಣ್ಣೆ ಬದಲಿಸೋಕೆ ನನ್ನ ಹತ್ತಿರ ತಂದರು. ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿದೆ. ಮಡಿಕೆಗಳ ನಡುವೆ ಬೆಳ್ಳಿ ಚೂರು ಹೊಳೆಯುತ್ತಿತ್ತು. ಆಯಸ್ಕಾಂತ ಹಿಡಿದೆ, ಎಲ್ಲಾ ಎದ್ದು ಅಂಟಿಕೊಂಡವು. ಅಂದರೆ ಉಕ್ಕು. ಸಿಲಿಂಡರ್ ಎತ್ತಿ ನೋಡಿದಾಗ ಕ್ಯಾಮ್‌ನ ಉಬ್ಬುಗಳ ಮೇಲೆ ಸಿಡುಬಿನ ಕಲೆಯ ಥರ ಗುಳಿಗಳು. ಇಡೀ ಇಂಜಿನ್ ಬಿಚ್ಚಬೇಕಾಯಿತು. ಅವರು ಪಕ್ಕದಲ್ಲೇ ನಿಂತು "ನಾನು ಒಂದು ವಾರನೂ ತಪ್ಪಿಸಿಲ್ಲಮ್ಮಾ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಆ ಇಂಜಿನ್ ಉಳಿಯುತ್ತಿತ್ತು.

ನೀವು ಹೇಳಿದ ಬೇರೆ ಉಪಾಯಗಳು ಒಳ್ಳೆಯವೇ. ಎಸಿಎಫ್-50 ಥರದ ತುಕ್ಕು ತಡೆಯೋ ಎಣ್ಣೆಯನ್ನು ರೆಕ್ಕೆ, ಬಾಲದ ಒಳಗೆಲ್ಲ ಮಂಜಿನಂತೆ ಹೊಡೆಸಬಹುದು. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಆಮೇಲೆ ತಿಂಗಳುಗಟ್ಟಲೆ ರಿವೆಟ್ ಸಂದಿಯಿಂದ ಎಣ್ಣೆ ಜಿನುಗಿ ಗೆರೆ ಬೀಳುತ್ತೆ, ಹೆದರಬೇಡಿ. ಸಿಹಿನೀರಲ್ಲಿ ತೊಳೆಯಿರಿ, ಆದರೆ ಪ್ರೆಷರ್ ಪೈಪ್ ಹಿಡಿದು ಚಕ್ರದ ಬೇರಿಂಗಿಗೆ, ಹಿಂಜಿಗೆ ಹೊಡೆಯಬೇಡಿ, ಗ್ರೀಸ್ ಎಲ್ಲ ಹೊರಟುಹೋಗುತ್ತೆ. ಕವರ್ ಹಾಕಿದರೆ ಗಾಳಿಗೆ ಪಟಪಟ ಬಡಿಯದಂತೆ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಅದರಡಿ ಸೇರಿದ ಮರಳು ಕಿಟಕಿಯನ್ನು ಉಜ್ಜಿ ಮಂಕು ಮಾಡುತ್ತೆ. ಕಂಟ್ರೋಲ್ ಕೇಬಲ್ ಮೇಲೆ ಬಟ್ಟೆ ಸುತ್ತಿ ಉದ್ದಕ್ಕೂ ಎಳೆದು ನೋಡಿ, ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ರಾಟೆಯ ಅಡಿ ಕೂತ ಭಾಗವನ್ನು ಸರಿಸಿ ನೋಡೋದು ಮುಖ್ಯ.

ಇದೆಲ್ಲ ಮಾಡಿದರೂ ಬಯಲಲ್ಲಿ ನಿಂತ ವಿಮಾನ ಬಯಲಲ್ಲಿ ನಿಂತಿದ್ದೇ. ವಾರಕ್ಕೊಮ್ಮೆ ಹಾರುವುದಕ್ಕೆ ಸಮನಾದ ಮದ್ದು ನಾನು ನೋಡಿಲ್ಲ. ನಿಮ್ಮ 38 ಗಂಟೆಯನ್ನು ವಾರ ವಾರಕ್ಕೆ ಹಂಚಿದ್ದರೆ ಇಂಜಿನ್ ಹೇಗೋ ಉಳಿಯುತ್ತಿತ್ತು, ಆದರೆ ನಡುವೆ ತಿಂಗಳುಗಟ್ಟಲೆ ನಿಂತಿದೆ ಅಂತ ನೀವೇ ಹೇಳುತ್ತಿದ್ದೀರಿ.

ಏವ್‌ಗ್ಯಾಸ್ ವಿಷಯ. 40 ಮೈಲಿ ಹೋಗಿಬರೋಕೆ ಅದೇನು ತೊಂದರೆ ಅಲ್ಲ. ನಿಮ್ಮ ವಿಮಾನ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತೆ, ದಡದಲ್ಲಿ ತುಂಬಿಸಿಕೊಂಡರೆ ಬೇಕಾದಷ್ಟು ಉಳಿಯುತ್ತೆ. ಆದರೆ ದ್ವೀಪದ ಸುತ್ತ ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅನ್ನುವಾಗಲೆಲ್ಲ ಟ್ಯಾಂಕ್ ನೋಡಿ ಯೋಚನೆ ಮಾಡುತ್ತೀರಿ. ಅಂಥ ಹಾರಾಟಗಳೇ ಇಂಜಿನ್ ಉಳಿಸೋದು, ಅವೇ ಮೊದಲು ನಿಲ್ಲುತ್ತವೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತೇವ ಬೆವರಿ ನೀರು ಸೇರುತ್ತೆ, ಹಾಗಾಗಿ ಪ್ರತಿ ಸಲ ಕೆಳಗಿನ ಡ್ರೇನ್‌ನಿಂದ ಹಿಡಿದು ನೋಡಲೇಬೇಕು.

ಪ್ರಶ್ನೆ (ಇನ್ನೊಬ್ಬರು):
ಅಕ್ಕಾ, ನನ್ನದೂ ಒಂದೇ ಇಂಜಿನ್‌ನ ವಿಮಾನ, ದ್ವೀಪದ ಕೆಲಸಕ್ಕೆ ಸೇರುವ ಯೋಚನೆ ಇದೆ. ತುಕ್ಕಿನ ಮಾತು ಸರಿ, ಆದರೆ ನಡುನೀರಿನಲ್ಲಿ ಇಂಜಿನ್ ನಿಂತರೆ? ಎತ್ತರದಲ್ಲಿ ಹೋದರೆ ಜಾರಿಕೊಂಡು ದಡ ಸೇರಬಹುದು ಅಂತಾರೆ, ನಿಜನಾ?

ಉತ್ತರ:
ಲೆಕ್ಕ ಹಾಕಿಯೇ ನೋಡೋಣಮ್ಮಾ. ಗಾಳಿ ಇಲ್ಲದಿದ್ದರೆ 172 ಪ್ರತಿ 1000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಜಾರುತ್ತೆ. 6000 ಅಡಿಯಲ್ಲಿದ್ದರೆ 9 ಮೈಲಿ. ಈ ದಡದಿಂದ 9, ಆ ದಡದಿಂದ 9. 40ರಲ್ಲಿ 18 ಕಳೆದರೆ ಉಳಿಯೋದು 22 ಮೈಲಿ. 110 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 110 ನಾಟಿಕಲ್ ಮೈಲಿ, ಅದು 12 ನಿಮಿಷ. ಆ 12 ನಿಮಿಷದಲ್ಲಿ ಇಂಜಿನ್ ನಿಂತರೆ ನೀರೇ ಗತಿ. 10,000 ಅಡಿಗೆ ಹೋದರೆ ಈ ಜಾಗ 10 ಮೈಲಿಗೆ ಇಳಿಯುತ್ತೆ, ಐದಾರು ನಿಮಿಷ ಅಷ್ಟೇ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 150 ಅಶ್ವಶಕ್ತಿಯ 172 ಅಷ್ಟು ಎತ್ತರಕ್ಕೆ ಹತ್ತೋಕೆ ಹತ್ತಿರ ಅರ್ಧ ಗಂಟೆ ತಗೊಳ್ಳುತ್ತೆ. ದ್ವೀಪದಿಂದ ಎದ್ದು ನೇರವಾಗಿ ಹೊರಟರೆ ಅರ್ಧ ದಾರಿಗೆ ಬಂದಾಗ ಇನ್ನೂ 6-7 ಸಾವಿರ ಅಡಿಯಲ್ಲೇ ಇರುತ್ತೀರಿ. ಹಾಗಾಗಿ ಮೊದಲು ನೆಲದ ಮೇಲೇ ಸುತ್ತುತ್ತಾ ಏರಿ, ಆಮೇಲೆ ನೀರಿಗೆ ಹೊರಡಬೇಕು. ಮೊದಲ ತಿಂಗಳು ಎಲ್ಲರೂ ಹೀಗೆ ಮಾಡುತ್ತಾರೆ, ಆರನೇ ತಿಂಗಳಿಗೆ ಬೇಜಾರಾಗಿ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಲೈಫ್ ಜಾಕೆಟ್ ಮೈಮೇಲೇ ಇರಬೇಕು. ಸೀಟಿನ ಹಿಂದಿದ್ದರೆ ಇಲ್ಲದ ಹಾಗೇ. ನೀವಿರುವ ಜಾಗ ತಿಳಿಸಿ ಸಹಾಯ ಕೇಳುವ 406 ಮೆಗಾಹರ್ಟ್ಸ್‌ನ ಸಣ್ಣ ಬೀಕನ್ ಜೇಬಿನಲ್ಲೇ ಇರಲಿ, ವಿಮಾನದ್ದು ವಿಮಾನದ ಜೊತೆ ಮುಳುಗಿಬಿಡಬಹುದು. 172ರ ಚಕ್ರ ಒಳಗೆ ಮಡಚಲ್ಲ, ಹಾಗಾಗಿ ನೀರಿಗೆ ತಾಗಿದಾಗ ಮುಗ್ಗರಿಸಿ ತಲೆಕೆಳಗಾಗಬಹುದು. ತಾಗುವ ಮುಂಚೆ ಬಾಗಿಲು ಸ್ವಲ್ಪ ತೆರೆದು ಸಂದಿಗೆ ಏನಾದರೂ ಸಿಕ್ಕಿಸಿ. ಆಮೇಲೆ ಚೌಕಟ್ಟು ಬಾಗಿದರೆ ಬಾಗಿಲು ತೆಗೆಯೋಕೆ ಬರಲ್ಲ. ನೀರು ತಣ್ಣಗಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗಲ್ಲ, ಆಮೇಲೆ ಸುಮಾರು ಹತ್ತು ನಿಮಿಷ ಮಾತ್ರ ಕೈಬೆರಳು ಹೇಳಿದ ಹಾಗೆ ಕೇಳುತ್ತೆ. ರಾಫ್ಟ್ (ಗಾಳಿ ತುಂಬುವ ತೆಪ್ಪ) ಇದ್ದರೆ ಅದನ್ನು ಹತ್ತೋದು, ಬೀಕನ್ ಒತ್ತೋದು ಎಲ್ಲ ಅಷ್ಟರಲ್ಲೇ ಆಗಬೇಕು.

ಇಂಜಿನ್ ನಿಲ್ಲೋದಕ್ಕಿಂತ ನನಗೆ ಜಾಸ್ತಿ ಭಯ ಇರೋದು ಕತ್ತಲಿನ ಬಗ್ಗೆ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್, ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ಪೈಪರ್ ಸಾರಟೋಗಾ ಎಂಬ ಒಂದೇ ಇಂಜಿನ್‌ನ ವಿಮಾನದಲ್ಲಿ ಅಲ್ಲಿನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆ ಹೋಗುತ್ತಿದ್ದರು. ಮಬ್ಬು ಕವಿದಿತ್ತು, ಕೆಳಗೆ ಕಪ್ಪು ನೀರು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಅಂತ ಕಾಣದಿದ್ದರೆ ಒಳಗಿವಿ ಸುಳ್ಳು ಹೇಳುತ್ತೆ, ವಿಮಾನ ವಾಲುತ್ತಿದ್ದರೂ ನೇರವಾಗಿದೆ ಅನಿಸುತ್ತೆ. ತನಿಖೆಯಲ್ಲಿ ಬಂದ ಕಾರಣವೂ ಅದೇ, ದಿಕ್ಕು ತಪ್ಪಿ ಹಿಡಿತ ಹೋಗಿತ್ತು. ಮೂವರೂ ತೀರಿಕೊಂಡರು. ಇಂಜಿನ್‌ಗೆ ಏನೂ ಆಗಿರಲಿಲ್ಲ. ಉಪಕರಣ ನೋಡಿ ಹಾರಿಸುವ ಅಭ್ಯಾಸ ಚೆನ್ನಾಗಿ ಇಲ್ಲದಿದ್ದರೆ ಕತ್ತಲಾದ ಮೇಲೆ ದ್ವೀಪಕ್ಕೆ ಹೊರಡಬೇಡಿ, ಮನೆಯಲ್ಲಿ ಯಾರು ಕಾಯುತ್ತಿದ್ದರೂ ಸರಿ.

ಪ್ರಶ್ನೆ (ಮತ್ತೊಬ್ಬರು):
ವಿಮಾನವನ್ನು ದಡದಲ್ಲೇ ಹ್ಯಾಂಗರ್‌ನಲ್ಲಿ ಬಿಟ್ಟು, ದೋಣಿಯಲ್ಲಿ ಹೋಗಿಬಂದು ಹಾರಿಸಿದರೆ ಆಗಲ್ವಾ ಮೇಡಂ?

ಉತ್ತರ:
ಇದು ನನಗೆ ತುಂಬಾ ಇಷ್ಟವಾದ ದಾರಿ, ಆದರೆ ಒಬ್ಬರೇ ಮಾಡಿದರೆ ನಡೆಯಲ್ಲ. ದೋಣಿ ಹಿಡಿದು ಹೋಗಿ ಹಾರಿಸಿ ಬರೋದು ಒಂದಿಡೀ ದಿನದ ಕೆಲಸ, ಬರಬರುತ್ತಾ ತಪ್ಪಿಹೋಗುತ್ತೆ. ನಂಬಿಕಸ್ತ ಒಬ್ಬಿಬ್ಬರು ಪೈಲಟ್‌ಗಳಿಗೆ ಪಾಲು ಕೊಟ್ಟರೆ ವಿಮಾನ ಪ್ರತಿ ವಾರ ಹಾರುತ್ತೆ, ಬಾಡಿಗೆ, ಇನ್ಶೂರೆನ್ಸ್, ವಾರ್ಷಿಕ ತಪಾಸಣೆಯ ಖರ್ಚೂ ಹಂಚಿಹೋಗುತ್ತೆ. ಈ ಮೂರೂ ನೀವು ಹಾರಿಸಿದರೂ ಬರುತ್ತವೆ, ಹಾರಿಸದಿದ್ದರೂ ಬರುತ್ತವೆ. ಪಾಲುದಾರರ ಜೊತೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ, ಇಂಜಿನ್ ಬಿಚ್ಚಬೇಕಾದಾಗ ಯಾರು ಎಷ್ಟು ಕೊಡಬೇಕು ಅನ್ನೋದನ್ನು ಮೊದಲ ಸಾಲಲ್ಲೇ ಬರೆಯಿರಿ. ವಿಮಾನ ನಿಲ್ಲಿಸುವ ಊರು ಬದಲಾದರೆ ಇನ್ಶೂರೆನ್ಸ್‌ನವರಿಗೆ ಹೇಳಲೇಬೇಕು.

ಪ್ರಶ್ನೆ (ಮೊದಲ ಸರ್):
ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ, ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಇಲ್ಲಿ ಹಾರಿಸುವ ಒಬ್ಬ ಹುಡುಗ ಪಾಲು ಕೇಳುತ್ತಿದ್ದಾನೆ, ಒಳ್ಳೆಯವನು. ಅದು ಕೂಡಿಬರದಿದ್ದರೆ ಮಾರುತ್ತೇನೆ. ಎರಡರಲ್ಲಿ ಯಾವುದಾದರೂ ಈಗಲೇ ಮಾಡಲಾ, ಅಲ್ಲಿ ಒಂದು ವರ್ಷ ಇಟ್ಟು ನೋಡಿ ಆಮೇಲೆ ಮಾಡಲಾ?

ಉತ್ತರ:
ಈಗಲೇ ಮಾಡಿ ಸರ್. ಕೊಳ್ಳುವವರ ಪರವಾಗಿ ವಿಮಾನ ನೋಡೋಕೆ ಹೋದಾಗ ನಾನು ಮೊದಲು ನೋಡೋದು ಅದು ಎಲ್ಲೆಲ್ಲಿ ನಿಂತಿತ್ತು, ಎಷ್ಟು ದಿನ ನಿಂತಿತ್ತು ಅಂತ. ಸಮುದ್ರದ ಪಕ್ಕ ಬಯಲಲ್ಲಿ ಒಂದು ವರ್ಷ ಅಂತ ಕಂಡರೆ ಒಳಗೆ ಏನೂ ಆಗಿರದಿದ್ದರೂ ಬೆಲೆ ಇಳಿಯುತ್ತೆ. ಇನ್ನೊಂದು ಮಾತು, 172ನ್ನು 44,000ಕ್ಕಿಂತ ಜಾಸ್ತಿ ಮಾಡಿದ್ದಾರೆ, ಜಗತ್ತಿನಲ್ಲಿ ಬೇರೆ ಯಾವ ವಿಮಾನವನ್ನೂ ಅಷ್ಟು ಮಾಡಿಲ್ಲ. ಎರಡು ವರ್ಷ ಬಿಟ್ಟು ದ್ವೀಪದಲ್ಲಿ ಹ್ಯಾಂಗರ್ ಸಿಕ್ಕಿತು, ಮತ್ತೆ ಹಾರಬೇಕು ಅನಿಸಿತು ಅಂದರೆ ಇನ್ನೊಂದು ಸಿಕ್ಕೇ ಸಿಗುತ್ತೆ. ಇದೇ ವಿಮಾನ ಸಿಗಲ್ಲ, ಅದು ಗೊತ್ತು ನನಗೆ. 14 ವರ್ಷ ಅಂದರೆ ಕಮ್ಮಿ ಅಲ್ಲ.

ಆ ಹುಡುಗನ ಜೊತೆ ಮಾತು ಮುಗಿಸುವ ಮೊದಲು ಎರಡು ಕೆಲಸ ಮಾಡಿಸಿ. ನಾಲ್ಕೂ ಸಿಲಿಂಡರ್‌ಗೆ ಬೋರೋಸ್ಕೋಪ್, ಅಂದರೆ ಒಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ, ಹಾಕಿಸಿ ಫೋಟೊ ತೆಗೆಸಿ. ಎಣ್ಣೆ ಫಿಲ್ಟರ್ ಕತ್ತರಿಸಿ ಇಬ್ಬರೂ ಒಟ್ಟಿಗೆ ನೋಡಿ. ಆ ಎರಡು ನಿಲುಗಡೆ ಏನು ಮಾಡಿದೆ ಅಂತ ಅವನಿಗೂ ಗೊತ್ತಾಗಬೇಕು, ನಿಮಗೂ ಗೊತ್ತಾಗಬೇಕು. ಹಾಗೇ ರೆಕ್ಕೆ ಕೆಳಗಿನ ದುಂಡು ಪ್ಲೇಟ್ ಬಿಚ್ಚಿ ಟಾರ್ಚ್ ಹಾಕಿ ಒಳಗಿನ ತಗಡಿನ ಫೋಟೊ ಕಳಿಸಿ, ಪ್ರೈಮರ್ ಇದೆಯಾ ಇಲ್ಲವಾ ನೋಡಿ ಹೇಳುತ್ತೇನೆ.